ತುಮಕೂರಲ್ಲಿ ಸಣ್ಣ ಸಂಘಗಳಿಗೆ ಫಂಡಿಂಗ್ ಸಲಹೆ ಕೊಡೋ ಕೆಲಸ: ನನ್ನ ಅನುಭವ

ನಾನಿರೋದು ತುಮಕೂರಲ್ಲಿ. ಮುಂಚೆ ಒಂದು ದೊಡ್ಡ ಸಂಸ್ಥೆಲಿ ಅಕೌಂಟ್ಸ್ ನೋಡ್ಕೋತಿದ್ದೆ, ಈಗ ಅದು ಬಿಟ್ಟು ಜಿಲ್ಲೆಲಿರೋ ಸಣ್ಣಪುಟ್ಟ ಸಂಘಗಳಿಗೆ ದುಡ್ಡು ಎಲ್ಲಿ ಸಿಗುತ್ತೆ, ಹೆಂಗೆ ಕೇಳ್ಬೇಕು, ಸಿಕ್ಕಿದ್ಮೇಲೆ ಹೆಂಗೆ ಲೆಕ್ಕ ಕೊಡ್ಬೇಕು ಅಂತ ಹೇಳಿಕೊಡ್ತೀನಿ. ಪಾವಗಡದ ಮಹಿಳಾ ಒಕ್ಕೂಟ, ಶಿರಾ ಕಡೆ ಅಂಗವಿಕಲ ಮಕ್ಕಳ ಡೇ ಕೇರ್, ಕುಣಿಗಲ್ ಕಡೆ ಯುವಕ ಸಂಘ, ಚಿಕ್ಕನಾಯಕನಹಳ್ಳಿ ಕಡೆ ಕೆರೆ ಅಭಿವೃದ್ಧಿ ಸಂಘ, ಹಿಂಗೆ ಎಲ್ಲಾ ತರದೋರೂ ಬರ್ತಾರೆ. ಕೆಲವು ಸಲ ಮಾಲೂರು, ಗೌರಿಬಿದನೂರು ಕಡೆಯಿಂದಾನೂ ಫೋನ್ ಬರುತ್ತೆ. ಇದನ್ನೇ ನಾವೂ ಮಾಡ್ಬೇಕು ಅಂತಿದೀವಿ, ಹೆಂಗೆ ಮಾಡ್ತೀರ ಅಂತ ಇಬ್ರು ಮೂವರು ಕೇಳಿದ್ರು, ಅದಕ್ಕೆ ಬರೀತಿದೀನಿ.

ಈ ಕೆಲಸ ಜಾಸ್ತಿ ಆಗಿದ್ದು 2020ರ ಸೆಪ್ಟೆಂಬರ್‌ನಲ್ಲಿ ಎಫ್‌ಸಿಆರ್‌ಎ, ಅಂದ್ರೆ ಸಂಘ ಸಂಸ್ಥೆಗಳು ಫಾರಿನ್ ದುಡ್ಡು ತಗೊಳೋದರ ಕಾಯ್ದೆ, ತಿದ್ದುಪಡಿ ಆದ್ಮೇಲೆ. ಅದಕ್ಕೂ ಮುಂಚೆ ಬೆಂಗಳೂರಿನ ದೊಡ್ಡ ಸಂಸ್ಥೆ ಫಾರಿನ್ ದುಡ್ಡು ತಗೊಂಡು, ಎಫ್‌ಸಿಆರ್‌ಎ ರಿಜಿಸ್ಟ್ರೇಷನ್ ಇರೋ ಇನ್ನೊಂದು ಸಣ್ಣ ಸಂಸ್ಥೆಗೆ ಅದರಲ್ಲೊಂದು ಪಾಲು ಕೊಡ್ಬೋದಿತ್ತು, ನಮ್ಮ ಕಡೆ ಎಷ್ಟೋ ಸಂಸ್ಥೆ ಆ ಪಾಲಿನಲ್ಲೇ ನಡೀತಿದ್ವು. ತಿದ್ದುಪಡಿ ಬಂದು ಆ ತರ ದಾಟಿಸೋದು ಪೂರ್ತಿ ನಿಂತೋಯ್ತು. ಆಡಳಿತದ ಖರ್ಚಿಗೆ ಶೇ 50ರ ತನಕ ಇದ್ದಿದ್ದು ಶೇ 20ಕ್ಕೆ ಇಳೀತು, ಫಾರಿನ್ ದುಡ್ಡು ಬಂದು ಬೀಳೋ ಖಾತೆ ದೆಹಲಿಯ ಸ್ಟೇಟ್ ಬ್ಯಾಂಕ್ ಮೇನ್ ಬ್ರಾಂಚಲ್ಲೇ ಇರ್ಬೇಕು ಅಂತ ಆಯ್ತು. ಹೊಸದಾಗಿ ರಿಜಿಸ್ಟ್ರೇಷನ್ ಕೇಳೋಕೆ ಸಂಸ್ಥೆಗೆ 3 ವರ್ಷ ಆಗಿರ್ಬೇಕು, ಆ 3 ವರ್ಷದಲ್ಲಿ 15 ಲಕ್ಷ ಕೆಲಸಕ್ಕೆ ಅಂತಾನೇ ಖರ್ಚು ಮಾಡಿರ್ಬೇಕು. ವರ್ಷಕ್ಕೆ ಎರಡು ಲಕ್ಷದಲ್ಲಿ ಕಾಲ ಹಾಕೋ ಸಂಘ 15 ಲಕ್ಷ ಎಲ್ಲಿಂದ ತೋರ್ಸುತ್ತೆ ಹೇಳಿ. ಹಂಗಾಗಿ ನನ್ನ ಹತ್ರ ಬರೋರಿಗೆ ಫಾರಿನ್ ಫಂಡ್ ಆಸೆ ಮೊದಲ ದಿನಾನೇ ಬಿಡಿಸ್ತೀನಿ, ಬೇಜಾರ್ ಮಾಡ್ಕೊಂಡ್ರೂ ಪರವಾಗಿಲ್ಲ.

ಎಲ್ರೂ ಬಂದು ಕೇಳೋದು ಒಂದೇ. ಅಕ್ಕ, ಫಂಡ್ ಕೊಡೋ ಕಂಪನಿಗಳ ಒಂದು ಲಿಸ್ಟ್ ಕೊಡಿ, ನಾವು ಎಲ್ಲರಿಗೂ ಮೇಲ್ ಹಾಕ್ತೀವಿ ಅಂತ. ನಾನು ಲಿಸ್ಟ್ ಕೊಡಲ್ಲ. ಲಿಸ್ಟ್ ಇಂಟರ್‌ನೆಟ್ಟಲ್ಲಿ ಬೇಕಾದಷ್ಟು ಸಿಗುತ್ತೆ, ಅದನ್ನ ಹಿಡ್ಕೊಂಡು ಒಂದೇ ಪ್ರಪೋಸಲ್ ಐವತ್ತು ಜನಕ್ಕೆ ಕಳ್ಸಿ ಒಂದಕ್ಕೂ ಉತ್ತರ ಬರದೆ, ಇದೆಲ್ಲಾ ಇನ್‌ಫ್ಲುಯೆನ್ಸ್ ಇದ್ದೋರಿಗೇ ಸಿಗೋದು ಬಿಡಿ ಅಂತ ಕೈ ಚೆಲ್ಲಿ ಕೂತಿರೋರನ್ನ ತುಂಬಾ ನೋಡಿದೀನಿ. ಯಾರು ಕೊಡ್ತಾರೆ ಅನ್ನೋದು ಆಮೇಲೆ. ಆ ದುಡ್ಡು ನಮ್ಮಿಂದ ಏನೇನು ಕೇಳುತ್ತೆ, ಅಷ್ಟನ್ನ ಕೊಡೋಕೆ ನಮ್ಮ ಕೈಲಿ ಆಗುತ್ತಾ ಅನ್ನೋದು ಮೊದಲು. ಜಾತಕ ಕೂಡಿ ಬಂದ್ರೆ ತಾನೇ ಮುಂದಿನ ಮಾತು.

ಮೊದಲ ಸಲ ಬರೋರಿಗೆ ಪ್ರಪೋಸಲ್ ತರ್ಬೇಡಿ, ನಡಾವಳಿ ಪುಸ್ತಕ ತನ್ನಿ ಅಂತೀನಿ. ಅದೊಂದು ಪುಸ್ತಕ ನೋಡಿದ್ರೆ ಸಂಘದ ಆರೋಗ್ಯ ಪೂರ್ತಿ ಗೊತ್ತಾಗುತ್ತೆ. ಒಂದು ಸಂಘದ ಪುಸ್ತಕದಲ್ಲಿ ಆರು ಸಭೆದೂ ಒಂದೇ ಪೆನ್ನು, ಒಂದೇ ಕೈಬರಹ, ಸಹಿಗಳೂ ಅದೇ ಸಾಲು ಅದೇ ಕ್ರಮ, ಅಂದ್ರೆ ಆಡಿಟ್‌ಗೆ ಅಂತ ಒಂದೇ ರಾತ್ರಿ ಕೂತು ಬರ್ದಿದಾರೆ. ಇನ್ನೊಂದ್ರಲ್ಲಿ ಅಧ್ಯಕ್ಷರು ತೀರ್ಕೊಂಡು ವರ್ಷಗಳೇ ಆಗಿವೆ, ಬ್ಯಾಂಕಲ್ಲಿ ಇನ್ನೂ ಅವರದೇ ಸಹಿ. ಖಾತೆಲಿರೋ ದುಡ್ಡನ್ನ ಯಾರೂ ತೆಗೆಯೋಕಾಗ್ತಿಲ್ಲ, ಆದ್ರೆ ಹೊಸ ಫಂಡ್ ಬೇಕು ಅಂತ ಬಂದವ್ರೆ! ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ರಿಜಿಸ್ಟರ್ ಆಗಿರೋ ಸಂಘ ಪ್ರತಿ ವರ್ಷ ಮಹಾಸಭೆ ಆಗಿ 14 ದಿನದೊಳಗೆ ಆಡಳಿತ ಮಂಡಳಿ ಪಟ್ಟಿ, ಜಮಾ ಖರ್ಚಿನ ಲೆಕ್ಕ ಎಲ್ಲಾ ನೋಂದಣಾಧಿಕಾರಿ ಆಫೀಸಿಗೆ ಕೊಡ್ಬೇಕು. ಇದನ್ನ ವರ್ಷಗಟ್ಲೆ ಬಿಟ್ಟಿರೋರೇ ಜಾಸ್ತಿ. ದಂಡ ಕಟ್ಟಿ ಹಳೇದೆಲ್ಲಾ ಒಟ್ಟಿಗೆ ಸರಿ ಮಾಡಿಸೋಕೆ ಆಫೀಸಿಗೆ ಅಲೀಬೇಕು, ಅದೂ ನನ್ನ ಕೆಲಸಾನೇ ಅಂತ ಈಗ ಒಪ್ಕೊಂಡುಬಿಟ್ಟಿದೀನಿ. ಫಂಡಿಂಗ್ ಸಲಹೆ ಅಂತ ಬೋರ್ಡ್ ಹಾಕ್ಕೊಂಡು ಅರ್ಧ ಟೈಮ್ ಮಾಡೋದು ಇದನ್ನೇ.

ಆಮೇಲೆ ಇನ್‌ಕಮ್ ಟ್ಯಾಕ್ಸ್ ಕಡೆದು. 12ಎ (ಸಂಸ್ಥೆ ಆದಾಯಕ್ಕೆ ಟ್ಯಾಕ್ಸ್ ವಿನಾಯಿತಿ ಸಿಗೋ ರಿಜಿಸ್ಟ್ರೇಷನ್) ಮತ್ತು 80ಜಿ (ದಾನ ಕೊಟ್ಟೋರಿಗೆ ಟ್ಯಾಕ್ಸ್ ರಿಯಾಯಿತಿ ಸಿಗೋ ಅನುಮತಿ) ಇಲ್ದೆ ಸಿಎಸ್‌ಆರ್, ಅಂದ್ರೆ ಕಂಪನಿಗಳು ಕಾಯ್ದೆ ಪ್ರಕಾರ ಸಮಾಜದ ಕೆಲಸಕ್ಕೆ ಕೊಡೋ ದುಡ್ಡಿನ ಬಾಗಿಲೇ ತೆರೆಯಲ್ಲ. 2021ರಲ್ಲಿ ನಿಯಮ ಬದಲಾಗಿ ಹಳೆ ಸಂಸ್ಥೆಗಳೆಲ್ಲಾ ಮತ್ತೆ ರಿಜಿಸ್ಟರ್ ಮಾಡಿಸ್ಬೇಕಾಯ್ತು, ಆಗ ಸಿಕ್ಕಿದ 5 ವರ್ಷ 2026ರ ಮಾರ್ಚ್‌ಗೆ ಮುಗಿಯೋದು, ಅದಕ್ಕೆ 6 ತಿಂಗಳು ಮುಂಚೆ ಅಂದ್ರೆ 2025ರ ಸೆಪ್ಟೆಂಬರ್ 30ರೊಳಗೆ ರಿನೀವಲ್‌ಗೆ ಹಾಕ್ಬೇಕಿತ್ತು. ಆ ವರ್ಷ ಬೇಸಿಗೆಯಿಂದಾನೇ ಎಲ್ಲರಿಗೂ ವಾಯ್ಸ್ ಮೆಸೇಜ್ ಹಾಕಿ ಹಾಕಿ ನನ್ನ ಗಂಟಲು ಬಿದ್ದೋಗಿತ್ತು. 80ಜಿ ಬಗ್ಗೆ ಇನ್ನೊಂದು ತಪ್ಪು ತಿಳುವಳಿಕೆ ಅಂದ್ರೆ ಸರ್ಟಿಫಿಕೇಟ್ ಬಂತು ಅಂದ್ರೆ ಕೆಲಸ ಮುಗೀತು ಅನ್ನೋದು. ಯಾರ್ಯಾರು ಎಷ್ಟೆಷ್ಟು ಕೊಟ್ರು ಅಂತ 10ಬಿಡಿ ಫಾರ್ಮಲ್ಲಿ ಮೇ 31ರೊಳಗೆ ಹಾಕ್ಬೇಕು, ತಡ ಆದ್ರೆ ದಿನಕ್ಕೆ 200 ರೂಪಾಯಿ ಫೀಸು, ಅಲ್ಲಿಂದ ಬರೋ 10ಬಿಇ ಸರ್ಟಿಫಿಕೇಟ್ ಕೊಟ್ರೇನೇ ದಾನಿಗೆ ಟ್ಯಾಕ್ಸ್ ಲಾಭ. 2,000 ಮೀರಿ ಕ್ಯಾಶ್ ಕೊಟ್ರೆ ಆ ಲಾಭಾನೂ ಇಲ್ಲ. ಹೊಸ ಟ್ಯಾಕ್ಸ್ ರೆಜಿಮ್ ಆಯ್ಕೆ ಮಾಡ್ಕೊಂಡಿರೋ ನೌಕರರಿಗಂತೂ 80ಜಿ ಇಂದ ಏನೂ ಸಿಗಲ್ಲ, ಅದನ್ನ ದಾನಿ ಹತ್ರ ಮೊದಲೇ ಹೇಳ್ಬಿಡಿ, ಆಮೇಲೆ ಮುಖ ಮುಖ ನೋಡೋ ಹಂಗಾಗ್ಬಾರ್ದು.

ಈಗ ಬಜೆಟ್ ವಿಷಯ. ನನಗೆ ಇಷ್ಟದ ಭಾಗ ಇದು. ಅಂಗವಿಕಲ ಮಕ್ಕಳ ಡೇ ಕೇರ್ ನಡೆಸೋ ಒಬ್ರು ಮೇಡಂ ಪ್ರಪೋಸಲ್ ತಂದಿದ್ರು. ಕಂಪ್ಯೂಟರ್ 5, ಪ್ರಿಂಟರ್ 1, ಇನ್‌ವರ್ಟರ್, ಪ್ರೊಜೆಕ್ಟರ್, ಕೊನೆಗೆ ಇತರೆ ಖರ್ಚು ಅಂತ 50,000. ಯಾಕೆ ಮೇಡಂ ಕಂಪ್ಯೂಟರು ಅಂದೆ. ಕಂಪನಿಯೋರಿಗೆ ಅದೇ ಇಷ್ಟ ಅಂತೆ, ಯಾರೋ ಹೇಳಿದಾರೆ. ಸರಿ, ಕಂಪ್ಯೂಟರ್ ಬರದಿದ್ರೆ ಸೆಂಟರ್ ಮುಚ್ಚುತ್ತಾ ಅಂದೆ. ಇಲ್ಲ. ಏನಿಲ್ದಿದ್ರೆ ಮುಚ್ಚುತ್ತೆ? ಸುಮ್ನೆ ಕೂತು ಯೋಚ್ನೆ ಮಾಡಿ, ಆಟೋ ಅಂದ್ರು. ಆಟೋ ಬಂದಿಲ್ಲ ಅಂದ್ರೆ ಆ ದಿನ ಮಕ್ಕಳು ಬರಲ್ಲ, ಅಮ್ಮಂದಿರು ಕೂಲಿಗೆ ಹೋಗಂಗಿಲ್ಲ. ಹಂಗಾದ್ರೆ ಅಲ್ಲಿಂದ ಶುರು ಮಾಡೋಣ ಅಂತ ಒಂದು ಹಾಳೆ ತಗೊಂಡ್ವಿ. ಎರಡು ಆಟೋ, ತಿಂಗಳಿಗೆ ಒಂದಕ್ಕೆ 8,000, 11 ತಿಂಗಳಿಗೆ 1,76,000. ವಾರಕ್ಕೊಂದು ಸಲ ಬರೋ ಫಿಸಿಯೋಗೆ 1,200ರಂಗೆ 44 ವಾರಕ್ಕೆ 52,800. ಮಕ್ಕಳನ್ನ ನೋಡ್ಕೊಳೋ ಇಬ್ರು ಅಕ್ಕಂದಿರಿಗೆ ತಿಂಗಳಿಗೆ ತಲಾ 7,000 ಗೌರವಧನ, ವರ್ಷಕ್ಕೆ 1,68,000. ಒಟ್ಟು 3,96,800. ಮಕ್ಕಳು 14, ಅಂದ್ರೆ ಒಂದು ಮಗೂಗೆ ವರ್ಷಕ್ಕೆ 28 ಸಾವಿರ ಚಿಲ್ಲರೆ. ಮಧ್ಯಾಹ್ನದ ಊಟ ಊರಿನೋರು ಸರದಿ ಮೇಲೆ ಕೊಡ್ತಿದ್ರಂತೆ, ಅದನ್ನೂ ಬೆಲೆ ಕಟ್ಟಿ ಸ್ಥಳೀಯ ವಂತಿಕೆ ಅಂತ ಕೆಳಗೆ ಬರೆಸಿದೆ, ಅದು ಅವರ ಪ್ರಪೋಸಲ್ಲಲ್ಲಿ ಇರ್ಲೇ ಇಲ್ಲ, ಅದೆಂಥಾ ದೊಡ್ಡ ವಿಷಯ ಅಂತ ಬಿಟ್ಟಿದ್ರು.

ಆ ಹಾಳೆ ತಗೊಂಡು ಅವರು ಹೋಗಿದ್ದು ಕಂಪನಿಗಲ್ಲ. ಊರಿನ ಅಕ್ಕಿ ಗಿರಣಿಯೋರು, ಕೊಬ್ಬರಿ ವ್ಯಾಪಾರಸ್ಥರು, ಬೆಂಗಳೂರಲ್ಲಿರೋ ಅದೇ ಊರಿನ ಹುಡುಗ್ರು. ಒಂದು ಮಗೂನ ವರ್ಷದ ಖರ್ಚು ಇಷ್ಟು, ಅರ್ಧ ಕೊಟ್ರೂ ಆಗುತ್ತೆ ಅಂದಾಗ ಜನ ಕೊಟ್ರು. ಸಂಬಳ, ಆಟೋ ಬಾಡಿಗೆ ಇಂಥದ್ದಕ್ಕೆ ಊರಿನ ದುಡ್ಡೇ ಸರಿ, ಯಾಕಂದ್ರೆ ಅವ್ರಿಗೆ ಆಟೋ ಹೋಗೋದು ಕಣ್ಣಿಗೆ ಕಾಣುತ್ತೆ. ಕಂಪನಿಗೆ ಬೇಕಾಗಿರೋದು ಬೇರೆ, ಒಂದು ಸಲ ಕೊಟ್ಟು ಫೋಟೋ ತೆಗೆದು ರಿಪೋರ್ಟ್ ಬರೆಯೋ ತರದ್ದು. ಅದನ್ನ ಕೀಳಾಗಿ ಹೇಳ್ತಿಲ್ಲ, ಅವರ ರೀತಿನೇ ಅದು. ವೀಲ್ ಚೇರ್ ಅವರನ್ನೇ ಕೇಳಿದ್ದು, ಕೊಟ್ರು.

ಸಿಎಸ್‌ಆರ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಮ್ಮ ಕಡೆ ವಸಂತನರಸಾಪುರ, ಕೋಲಾರದ ಕಡೆ ನರಸಾಪುರ ವೇಮಗಲ್ ಕೈಗಾರಿಕಾ ಪ್ರದೇಶ ಇರೋದ್ರಿಂದ ಎಲ್ಲರ ಕಣ್ಣೂ ಅಲ್ಲೇ. 2013ರ ಕಂಪನಿ ಕಾಯ್ದೆ 135ನೇ ಸೆಕ್ಷನ್ ಪ್ರಕಾರ ನೆಟ್‌ವರ್ತ್ 500 ಕೋಟಿ, ಇಲ್ಲಾ ವಹಿವಾಟು 1,000 ಕೋಟಿ, ಇಲ್ಲಾ ನಿವ್ವಳ ಲಾಭ 5 ಕೋಟಿ, ಇವುಗಳಲ್ಲಿ ಯಾವುದೊಂದು ಮುಟ್ಟಿದ್ರೂ ಹಿಂದಿನ 3 ವರ್ಷದ ಸರಾಸರಿ ಲಾಭದಲ್ಲಿ ಶೇ 2 ಖರ್ಚು ಮಾಡ್ಬೇಕು. ಫ್ಯಾಕ್ಟರಿ ಇದೆ ಅಂದ್ರೆ ಸಿಎಸ್‌ಆರ್ ಇದೆ ಅಂತೇನಿಲ್ಲ, ಎಷ್ಟೋ ಯೂನಿಟ್ ಈ ಲೆಕ್ಕಕ್ಕೇ ಬರಲ್ಲ. ಬಂದ್ರೂ ಗೇಟ್ ಹತ್ರ ಸಿಗೋ ಎಚ್‌ಆರ್ ಸಾಹೇಬ್ರ ಕೈಲಿ ಇರೋದು ಶಾಲೆಗೆ ಬೆಂಚು, ಬ್ಯಾಗು, ಹಬ್ಬಕ್ಕೆ ಒಂದಿಷ್ಟು ಅಷ್ಟೇ, ದೊಡ್ಡದು ತೀರ್ಮಾನ ಆಗೋದು ಹೆಡ್ ಆಫೀಸಲ್ಲಿ, ಬೋರ್ಡ್ ಒಪ್ಪಿದ ವರ್ಷದ ಪ್ಲ್ಯಾನಲ್ಲಿ. ಆದ್ರೂ ಆ ಎಚ್‌ಆರ್‌ನ ಸುಮ್ನೆ ಪರಿಚಯ ಮಾಡ್ಕೊಂಡಿರಿ ಅಂತೀನಿ, ಹೆಡ್ ಆಫೀಸ್‌ನೋರು ಫೋನ್ ಮಾಡಿ ಇವ್ರು ಹೆಂಗೆ ಅಂತ ಕೇಳೋದು ಅವರನ್ನೇ. ನಮ್ಮ ಕಡೆಯಿಂದ ಸಿಎಸ್‌ಆರ್-1 ನಂಬರ್ (ಸಿಎಸ್‌ಆರ್ ದುಡ್ಡು ತಗೊಳೋ ಸಂಸ್ಥೆ ಅಂತ ಕೇಂದ್ರ ಸರ್ಕಾರದಲ್ಲಿ ರಿಜಿಸ್ಟರ್ ಮಾಡಿಸಿದ್ರೆ ಸಿಗೋದು) ಇರ್ಬೇಕು, 2021ರ ಏಪ್ರಿಲ್‌ನಿಂದ ಅದು ಕಡ್ಡಾಯ. ಅದಕ್ಕೆ ಡಿಜಿಟಲ್ ಸಹಿ ಬೇಕು, ಸಿಎ ಕೈಲಿ ದೃಢೀಕರಣ ಮಾಡಿಸ್ಬೇಕು. ಇದರ ಜೊತೆ ಅದೇ ತರದ ಕೆಲಸದಲ್ಲಿ 3 ವರ್ಷದ ಅನುಭವ ತೋರಿಸ್ಬೇಕು. ನಿನ್ನೆ ಹುಟ್ಟಿದ ಟ್ರಸ್ಟ್‌ಗೆ ಸಿಎಸ್‌ಆರ್ ಕೊಡಿಸ್ತೀನಿ ಅಂತ ಯಾರಾದ್ರೂ ಅಂದ್ರೆ ಅಲ್ಲೇ ಅನುಮಾನ ಪಡಿ.

ಅನುಮಾನ ಅಂದಾಗ ನೆನಪಾಯ್ತು, ಈ ದಲ್ಲಾಳಿಗಳು. 5 ಕೋಟಿ ಫಂಡ್ ಇದೆ, ನಿಮ್ಮ ಟ್ರಸ್ಟ್ ಅಕೌಂಟಿಗೆ ಹಾಕಿಸ್ತೀವಿ, ಶೇ 40 ಕ್ಯಾಶಲ್ಲಿ ವಾಪಸ್ ಕೊಡ್ಬೇಕು, ಮೊದಲು ಫೈಲ್ ಚಾರ್ಜ್ ಅಂತ ಒಂದಿಷ್ಟು ಕಟ್ಟಿ ಅಂತ ವಾಟ್ಸಾಪಲ್ಲಿ ತಿರುಗ್ತಾನೇ ಇರುತ್ತೆ. ಲೆಟರ್ ಹೆಡ್ಡು, ಸೀಲು ಎಲ್ಲಾ ಜೋರಾಗಿರುತ್ತೆ. ಮುಕ್ಕಾಲು ಪಾಲು ಜನ ಕಳ್ಕೊಳೋದು ಆ ಫೈಲ್ ಚಾರ್ಜು, ಅಲ್ಲಿಗೇ ನಿಂತ್ರೆ ಪುಣ್ಯ. ಅಕಸ್ಮಾತ್ ದುಡ್ಡು ನಿಜವಾಗ್ಲೂ ಬಂತು ಅನ್ಕೊಳಿ, ಖಾತೆ ನಿಮ್ಮದು, ಪ್ಯಾನ್ ನಿಮ್ಮದು, ವಾಪಸ್ ಹೋದ ಕ್ಯಾಶ್‌ಗೆ ಬಿಲ್ ಹೊಂದಿಸೋ ತಲೆನೋವೂ ನಿಮ್ಮದು, ನಾಳೆ ನೋಟಿಸ್ ಬಂದ್ರೆ ಆ ಮನುಷ್ಯನ ಫೋನ್ ಸ್ವಿಚ್ಚಾಫ್. ನಾನು ಮಾಡ್ಸೋದು ಇಷ್ಟೇ, ಆ ಕಂಪನಿ ಹೆಸರು ಕೇಳಿ, ಸರ್ಕಾರದ ನ್ಯಾಷನಲ್ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಕಂಪನಿವಾರು ಖರ್ಚು ಇರುತ್ತೆ, ಅದನ್ನ ಅವರ ಮುಂದೇನೇ ತೆಗೆದು ತೋರಿಸ್ತೀನಿ. ವರ್ಷಕ್ಕೆ ಒಟ್ಟು 80 ಲಕ್ಷ ಖರ್ಚು ಮಾಡೋ ಕಂಪನಿ ನಿಮಗೊಬ್ರಿಗೇ 5 ಕೋಟಿ ಯಾಕೆ ಕೊಡುತ್ತಣ್ಣ ಅಂತ ಕೇಳಿದ್ರೆ ಅಲ್ಲಿಗೆ ಮಾತು ಮುಗಿಯುತ್ತೆ. ಕೆಲವ್ರು ಆದ್ರೂ ಹೋಗ್ತಾರೆ, ಏನ್ ಮಾಡೋದು.

ಸರ್ಕಾರದ ಅನುದಾನ ಬೇರೇನೇ ದಾರಿ. ಎನ್‌ಜಿಓ ದರ್ಪಣ್ ಅನ್ನೋ ಕೇಂದ್ರ ಸರ್ಕಾರದ ಪೋರ್ಟಲ್ಲಲ್ಲಿ ಸಂಸ್ಥೆಗೆ ಐಡಿ ಮಾಡಿಸ್ಕೊಳಿ, ಕೇಂದ್ರದ ಯೋಜನೆಗಳಿಗೆಲ್ಲಾ ಅದನ್ನ ಕೇಳ್ತಾರೆ. ಕನ್ನಡ ಸಂಸ್ಕೃತಿ ಇಲಾಖೆ ಧನಸಹಾಯ ಸೇವಾಸಿಂಧುಲಿ ಹಾಕ್ಬೇಕು. ಮಹಿಳಾ ಗುಂಪುಗಳಿಗೆ, ರೈತರ ಗುಂಪುಗಳಿಗೆ ಆದ್ರೆ ನಬಾರ್ಡ್‌ನ ಜಿಲ್ಲಾ ಅಧಿಕಾರಿನ ಒಂದು ಸಲ ಹೋಗಿ ನೋಡಿ, ತರಬೇತಿ ತರದ ಸಣ್ಣ ಪ್ರೋಗ್ರಾಮ್ ಅಲ್ಲಿ ಇರ್ತವೆ. ಕಷ್ಟ ಇರೋದು ಟೈಮಿಂಗಲ್ಲಿ, ಎಷ್ಟೋ ಕಡೆ ಮೊದಲು ನೀವು ಖರ್ಚು ಮಾಡಿ ಯುಸಿ (ದುಡ್ಡು ಬಳಸಿದ್ದಕ್ಕೆ ಕೊಡೋ ಸರ್ಟಿಫಿಕೇಟ್) ಕೊಟ್ಟ ಮೇಲೆ ಮುಂದಿನ ಕಂತು. ಕೈಲಿ ನಾಲ್ಕೈದು ತಿಂಗಳು ತಡ್ಕೊಳೋ ದುಡ್ಡಿಲ್ಲ ಅಂದ್ರೆ ಹಾಕ್ಲೇಬೇಡಿ ಅಂತ ನೇರವಾಗೇ ಹೇಳ್ತೀನಿ. ಕಾರ್ಯದರ್ಶಿ ಹೆಂಡ್ತಿ ಒಡವೆ ಅಡ ಇಟ್ಟು ಸ್ಟಾಫಿಗೆ ಸಂಬಳ ಕೊಟ್ಟಿದ್ದನ್ನ ನೋಡಿದೀನಿ.

ಮಾಹಿತಿ ಹಂಚೋಕೆ ಒಂದು ಬ್ರಾಡ್‌ಕಾಸ್ಟ್ ಲಿಸ್ಟ್ ಇಟ್ಕೊಂಡಿದೀನಿ, ಗ್ರೂಪ್ ಅಲ್ಲ, ಗ್ರೂಪ್ ಮಾಡಿದ್ರೆ ಗುಡ್ ಮಾರ್ನಿಂಗ್ ಹೂವಿನ ಮಧ್ಯ ಲಾಸ್ಟ್ ಡೇಟ್ ಕಳೆದೋಗುತ್ತೆ. ಇಂಗ್ಲಿಷಲ್ಲಿ ಹತ್ತಿಪ್ಪತ್ತು ಪುಟ ಇರೋ ಪ್ರಕಟಣೆನ ಓದಿ ಕನ್ನಡದಲ್ಲಿ ಆರೇಳು ಸಾಲು ಮಾಡಿ ಹಾಕ್ತೀನಿ. ಮೊದಲನೇ ಸಾಲಲ್ಲೇ ಯಾರು ಹಾಕ್ಬಾರ್ದು ಅಂತ ಬರೀತೀನಿ: 80ಜಿ ಇಲ್ದೋರು ಬೇಡ, 3 ವರ್ಷ ಆಗದೋರು ಬೇಡ, ಸಂಬಳಕ್ಕೆ ದುಡ್ಡು ಬೇಕು ಅನ್ನೋರು ಬೇಡ. ಇದು ಶುರು ಮಾಡಿದ್ಮೇಲೆ ನನಗೆ ಬರೋ ಫೋನು ಕಮ್ಮಿ ಆಯ್ತು, ಬಂದೋರು ಸರಿಯಾದ ಪ್ರಶ್ನೆ ಕೇಳ್ತಿದಾರೆ. ನನ್ನ ಫೀಸು ಕೂತ ದಿನಕ್ಕೆ ಇಷ್ಟು ಅಂತ, ಅದೂ ಆದೋರು ಕೊಡ್ತಾರೆ. ಸಿಕ್ಕಿದ ಫಂಡಲ್ಲಿ ಪರ್ಸೆಂಟೇಜ್ ಮಾತ್ರ ತಗೊಳಲ್ಲ, ತಗೊಂಡ್ರೆ ಬೇಡ ಅಂತ ಹೇಳೋ ಬಾಯಿ ನನಗಿರಲ್ಲ.

ಹೋದ ಫೆಬ್ರವರಿಲಿ ಪಾವಗಡ ಕಡೆಯ ಒಂದು ಮಹಿಳಾ ಒಕ್ಕೂಟಕ್ಕೆ ಒಂದು ಕಂಪನಿಯಿಂದ ಫೋನ್ ಬಂತು, 12 ಲಕ್ಷ ಕೊಡ್ತೀವಿ, ನೀರಿನ ಫಿಲ್ಟರ್ ಘಟಕ ಹಾಕಿ, ಮಾರ್ಚ್ 31ರೊಳಗೆ ಬಿಲ್ ಬೇಕು ಅಂತ. ಖರ್ಚಾಗದೆ ಉಳಿದ ಸಿಎಸ್‌ಆರ್ ದುಡ್ಡನ್ನ ಕಾಯ್ದೆಲಿ ಹೇಳಿರೋ ನಿಧಿಗೋ ಬೇರೆ ಖಾತೆಗೋ ಹಾಕ್ಬೇಕಾಗುತ್ತಲ್ಲ, ಅದಕ್ಕೆ ವರ್ಷದ ಕೊನೆಗೆ ಇಂಥಾ ಫೋನ್ ಬರ್ತವೆ. ಫ್ಲೋರೈಡ್ ಊರುಗಳು, ನೀರು ಬೇಕೇ ಬೇಕು, ಹೆಣ್ಮಕ್ಕಳು ಖುಷಿಯಾಗಿ ಫೋನ್ ಮಾಡಿದ್ರು. ಘಟಕ ಹಾಕೋ ಜಾಗ ಯಾರ ಹೆಸರಲ್ಲಿದೆ, ಕರೆಂಟ್ ಬಿಲ್ ಯಾರು ಕಟ್ತಾರೆ, ಫಿಲ್ಟರ್ ಒಳಗಿನ ಮೆಂಬ್ರೇನ್ (ನೀರು ಸೋಸೋ ಪದರ) ಹೋದ್ರೆ ಬದಲಾಯ್ಸೋಕೆ ದುಡ್ಡು ಎಲ್ಲಿದೆ, ಪಂಚಾಯ್ತಿ ಠರಾವು ಐದು ವಾರದಲ್ಲಿ ಆಗುತ್ತಾ ಅಂತ ಕೇಳ್ದೆ, ಸಭೆ ಮಾಡಿ ಮಾತಾಡಿ ಅಂದೆ. ರಾತ್ರಿ ಸಭೆ ಮಾಡಿದ್ರು, ಜೋರು ಜಗಳಾನೇ ಆಯ್ತಂತೆ, ಕೊನೆಗೆ ಈ ವರ್ಷ ಆಗಲ್ಲ, ಏಪ್ರಿಲ್ ಮೇಲೆ ಎರಡು ಊರಿಗೆ ಮಾತ್ರ ಮಾಡ್ತೀವಿ, ಎರಡು ವರ್ಷದ ರಿಪೇರಿ ಖರ್ಚೂ ಸೇರ್ಸಿ ಕೊಡಿ ಅಂತ ಠರಾವು ಬರ್ದು ಕಳ್ಸಿದ್ರು. ಕಂಪನಿಯೋರು ಆ 12 ಲಕ್ಷ ಬೇರೆ ಯಾರಿಗೋ ಕೊಟ್ರು. ಒಕ್ಕೂಟದ ಅರ್ಜಿ ಹೆಡ್ ಆಫೀಸಲ್ಲಿದೆ, ಪಂಚಾಯ್ತಿ ಠರಾವು ಈಗ ಕೈಲಿದೆ, ಅದನ್ನೂ ಸ್ಕ್ಯಾನ್ ಮಾಡಿ ಕಳ್ಸಿದೀವಿ. ಇನ್ನೂ ಉತ್ತರ ಬಂದಿಲ್ಲ.