ಸಿಂಗಲ್ ಪ್ಲೇಯರ್ ಆರ್‌ಪಿಜಿಯಲ್ಲಿ ಎಂಎಂಒ ಕೆಲಸ ಜಾಸ್ತಿಯಾದಾಗ ಹೀಗೆ ಆಡಿ

ಇಪ್ಪತ್ತು ಗಂಟೆ ಆಡಿದ್ದೀರಿ, ಕಥೆ ಇನ್ನೂ ಇದ್ದಲ್ಲೇ ಇದೆ, ಲಾಗ್ (ಮಾಡಬೇಕಾದ ಕೆಲಸಗಳ ಪಟ್ಟಿ) ತುಂಬ ಸೊಪ್ಪು ಕೀಳೋ ಕೆಲಸ. ಅಂದರೆ ನಿಮ್ಮ ಆರ್‌ಪಿಜಿ (ಒಂದು ಪಾತ್ರವಾಗಿ ಕಥೆ ಆಡೋ ಗೇಮ್) ಒಳಗೆ ಒಂದು ಎಂಎಂಒ (ಸಾವಿರಾರು ಜನ ಆನ್‌ಲೈನ್‌ನಲ್ಲಿ ಒಟ್ಟಿಗೆ ಆಡೋ ಗೇಮ್) ಕೂತಿದೆ.

2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ನೋಡಿ. ಅದು ತಿಂಗಳ ಚಂದಾ ಕಟ್ಟಿ ಆಡೋ ಗೇಮ್, ಹಾಗಾಗಿ ಆಟಗಾರ ಮತ್ತೆ ಮತ್ತೆ ಬರಬೇಕು, ಅದಕ್ಕೇ ಹಂದಿ ಕೊಲ್ಲು, ಚರ್ಮ ತಾ ಅನ್ನೋ ಕ್ವೆಸ್ಟ್‌ಗಳು (ಗೇಮ್ ಕೊಡೋ ಕೆಲಸಗಳು). ಅಲ್ಲಿ ಅದು ಬೇಜಾರಾಗಲ್ಲ, ಜೊತೆಗೆ ಗಿಲ್ಡ್‌ನವರು (ನಿಮ್ಮ ಗುಂಪಿನ ಆಟಗಾರರು) ಇರ್ತಾರೆ, ಹರಟೆ ಹೊಡೀತಾ ಕೊಲ್ಲಬಹುದು. ಸಿಂಗಲ್ ಪ್ಲೇಯರ್ ಗೇಮ್‌ಗಳು ಕೆಲಸವನ್ನು ಮಾತ್ರ ತಗೊಂಡು ಬಂದವು, ಗೆಳೆಯರನ್ನು ಅಲ್ಲೇ ಬಿಟ್ಟವು.

ಇದಕ್ಕೆ ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್ (2014) ಒಳ್ಳೆ ಉದಾಹರಣೆ. ಮೊದಲ ದೊಡ್ಡ ಮ್ಯಾಪ್ ಹಿಂಟರ್‌ಲ್ಯಾಂಡ್ಸ್. ಕ್ರಾಸ್‌ರೋಡ್ಸ್‌ನಲ್ಲಿ ನಿರಾಶ್ರಿತರಿಗೆ ಅಂತ ಹತ್ತು ಟಗರುಗಳ ಮಾಂಸ ಕೇಳ್ತಾರೆ. ಪಾಪ ಅನಿಸುತ್ತೆ, ಹೋಗ್ತೀರಿ, ದಾರಿಯಲ್ಲಿ ಇನ್ನೂ ನಾಲ್ಕು ಕೆಲಸ ಅಂಟಿಕೊಳ್ಳುತ್ತವೆ, ಮ್ಯಾಪ್ ಖಾಲಿ ಮಾಡೋವರೆಗೂ ಬಿಡಲ್ಲ ಅಂತ ಹಟಕ್ಕೆ ಬೀಳ್ತೀರಿ. ಬೇಡ. ಅಲ್ಲಿರೋ ಧರ್ಮಗುರು ಮದರ್ ಜಿಸೆಲ್ ಜೊತೆ ಮಾತಾಡಿ, ಕ್ಯಾಂಪ್ ಹಾಕಿ, ಕೈಗೆ ಸಿಕ್ಕ ರಿಫ್ಟ್ (ರಾಕ್ಷಸರು ನುಗ್ಗೋ ಬಿರುಕು) ಮುಚ್ಚಿ, ಹೊರಡಿ. ಮಂತ್ರವಾದಿಗಳಾದ ಮೇಜ್‌ಗಳೋ, ಅವರನ್ನು ಹತೋಟಿಯಲ್ಲಿಡೋ ಟೆಂಪ್ಲರ್‌ಗಳೋ ಅನ್ನೋ ದೊಡ್ಡ ಕ್ವೆಸ್ಟ್‌ಗೆ 15 ಪವರ್ (ಕೆಲಸ ಮುಗಿಸಿದಾಗ ಸಿಗೋ ಅಂಕ) ಬೇಕು. ಅದಕ್ಕೆ ರಿಫ್ಟ್, ಕ್ಯಾಂಪ್‌ಗಳೇ ಬೇಕಾದಷ್ಟಾಯಿತು. ಪವರ್ ಸಿಕ್ಕಿದ ತಕ್ಷಣ ಕಥೆಗೆ ಹೋಗಿ. ಮೂಲೆಯಲ್ಲಿರೋ ಡ್ರ್ಯಾಗನ್ ಎಲ್ಲೂ ಓಡಿಹೋಗಲ್ಲ, ಲೆವೆಲ್ ಏರಿದ ಮೇಲೆ ಬಂದರೆ ಅದರ ಮಜಾನೇ ಬೇರೆ.

ಇದೇ ಗೇಮ್‌ನಲ್ಲಿ ನಿಮ್ಮವರನ್ನು ಮಿಷನ್‌ಗೆ ಕಳಿಸೋ ವಾರ್ ಟೇಬಲ್‌ನ ಟೈಮರ್‌ಗಳು ನಿಜವಾದ ಗಡಿಯಾರದ ಲೆಕ್ಕದಲ್ಲಿ ಓಡುತ್ತವೆ, ಗೇಮ್ ಮುಚ್ಚಿದರೂ ನಿಲ್ಲಲ್ಲ. ಗಂಟೆಗಟ್ಟಲೆ ಹಿಡಿಯೋ ಮಿಷನ್‌ಗಳನ್ನು ಮಲಗೋ ಮುಂಚೆ ಹಚ್ಚಿ, ಚಿಕ್ಕವನ್ನು ಆಡುವಾಗ. ಸುಮ್ನೆ ಕೂತು ಕಾಯಬೇಡಿ.

ವಿಚರ್ 3ರಲ್ಲಿ (2015) ಕಾಟ ಕೊಡೋದು ಮ್ಯಾಪ್ ಮೇಲಿನ ಪ್ರಶ್ನಾರ್ಥಕ ಚಿಹ್ನೆಗಳು, ಅದರಲ್ಲೂ ಸ್ಕೆಲಿಗೆ ದ್ವೀಪಗಳ ಸಮುದ್ರದ ತುಂಬ ಚದುರಿರೋ ಕಳ್ಳಸಾಗಣೆಯ ಪೆಟ್ಟಿಗೆಗಳು. ಅವನ್ನೆಲ್ಲ ತೆಗೀತೀನಿ ಅಂತ ದೋಣಿ ಹತ್ತಿದವರಿಗೆ ನನ್ನ ಸಂತಾಪ. ಮ್ಯಾಪ್‌ನಲ್ಲಿ ಆ ಚಿಹ್ನೆಗಳನ್ನು ಆಫ್ ಮಾಡಿ, ನೋಟಿಸ್ ಬೋರ್ಡ್‌ನ ಮಾನ್‌ಸ್ಟರ್ ಕಾಂಟ್ರಾಕ್ಟ್ (ರಾಕ್ಷಸ ಬೇಟೆಯ ಕೆಲಸ) ಹಿಡಿದು ಆಡಿ, ಆ ಕಥೆಗಳೇ ಚೆನ್ನಾಗಿವೆ. ಅಸ್ಯಾಸಿನ್ಸ್ ಕ್ರೀಡ್ ಒಡಿಸ್ಸಿ (2018) ಆದರೆ ಎಕ್ಸ್‌ಪ್ಲೊರೇಷನ್ ಮೋಡ್ ಆರಿಸಿ, ಗುರಿ ಎಲ್ಲಿದೆ ಅಂತ ಸುಳಿವು ನೋಡಿ ನೀವೇ ಹುಡುಕಬೇಕು. ಅದರ ಅಂಗಡಿಯಲ್ಲಿ ಎಕ್ಸ್‌ಪಿ ಬೂಸ್ಟ್ ದುಡ್ಡಿಗೆ ಮಾರ್ತಾರೆ. ಪೂರ್ತಿ ಬೆಲೆ ಕೊಟ್ಟು ತಗೊಂಡ ಗೇಮ್‌ನಲ್ಲಿ ಬೇಗ ಲೆವೆಲ್ ಏರೋಕೆ ಮತ್ತೆ ದುಡ್ಡು ಅಂದರೆ ಅನ್ಯಾಯ ಅಲ್ವಾ? ಕೊಳ್ಳಬೇಡಿ, ಲೆವೆಲ್ ಸಾಲದಿದ್ದರೆ ಪಾತ್ರಗಳಿರೋ ಸೈಡ್ ಕ್ವೆಸ್ಟ್ ಎರಡು ಮಾಡಿ.

ಆದರೆ ಎಂಎಂಒದಿಂದ ಬಂದಿದ್ದೆಲ್ಲ ಕಸ ಅನ್ನಬೇಡಿ. ಟ್ಯಾಂಕ್ ಅನ್ನೋ ಗಟ್ಟಿ ಪಾತ್ರ ಮುಂದೆ ನಿಂತು ಏಟು ತಿನ್ನೋದು, ಹಿಂದಿನವರು ಹೊಡೆಯೋದು, ಈ ಲೆಕ್ಕಾಚಾರ ಕಲಿತರೆ ಪಾರ್ಟಿ (ಜೊತೆಗಾರರ ತಂಡ) ಇರೋ ಆರ್‌ಪಿಜಿಗಳು ತುಂಬ ಸುಲಭ. ಜೆನೊಬ್ಲೇಡ್ ಕ್ರಾನಿಕಲ್ಸ್‌ನ (2010) ಕಾಳಗ ನಿಂತಿರೋದೇ ಇದರ ಮೇಲೆ, ಶತ್ರು ಯಾರ ಮೇಲೆ ಕಣ್ಣಿಟ್ಟಿದ್ದಾನೆ ಅಂತ ನೋಡ್ತಾ ಆಡಬೇಕು. ಇನ್‌ಕ್ವಿಸಿಷನ್‌ನಲ್ಲಿ ಜೊತೆಗಿರೋ ಯೋಧೆ ಕಸಾಂಡ್ರಾಗೆ ವಾರ್ ಕ್ರೈ ಕೊಡಿಸಿ, ಮಂತ್ರವಾದಿ ಸೋಲಾಸ್‌ಗೆ ಬ್ಯಾರಿಯರ್ (ರಕ್ಷಣೆಯ ಮಂತ್ರ). ಅವಳು ಕೂಗಿದ ಕೂಡಲೇ ಸುತ್ತಲಿನವರು ಅವಳ ಮೇಲೇ ಬೀಳ್ತಾರೆ, ಆಗ ನಿಮ್ಮ ಬಿಲ್ಲುಗಾರನನ್ನು ಯಾರೂ ಮುಟ್ಟಲ್ಲ.