ಮಾವನಿಗೆ ಕೀ ವಾಚು ಕೊಳ್ಳುವ ಮುಂಚೆ

ಮನೆಯ ಹಿರಿಯರಿಗೆ ಹಳೆ ವಾಚು ಉಡುಗೊರೆ ಕೊಡಬೇಕು ಅನ್ನಿಸಿದರೆ, ಮೊದಲು ಆ ಮನೆಯ ಬೀರು ತೆಗೆಸಿ. ನಮ್ಮ ಹಾಸನ, ಸಕಲೇಶಪುರದ ಕಡೆ ಆ ಕಾಲದ ಎಷ್ಟೋ ಗಂಡಸರಿಗೆ ಮದುವೆಯಲ್ಲಿ ವರೋಪಚಾರಕ್ಕೆ ವಾಚು, ಉಂಗುರ ಬಂದಿರುತ್ತದೆ. ವಾಚು ನಿಂತು ವರ್ಷಗಳಾಗಿರಬಹುದು, ಆದರೆ ಯಾರೂ ಎಸೆದಿರುವುದಿಲ್ಲ. ಹಳೇ ಪಾಸ್‌ಬುಕ್ಕು, ಒಂಟಿ ಗಾಜಿನ ಕನ್ನಡಕದ ಜೊತೆ ಯಾವುದೋ ಡಬ್ಬಿಯಲ್ಲಿ ಬಿದ್ದಿರುತ್ತದೆ. ಸಿಕ್ಕಿದರೆ ಬೇರೆ ಏನೂ ಕೊಳ್ಳಬೇಡಿ. ಅದನ್ನೇ ಸರ್ವಿಸ್ ಮಾಡಿಸಿ, ಹೊಸ ಬೆಲ್ಟ್ ಹಾಕಿಸಿ ಕೊಡಿ.

ನಮ್ಮ ಮಾವನ ವಾಚು ಸಿಗಲಿಲ್ಲ. ಅವರು ಸಕಲೇಶಪುರದ ಹತ್ತಿರ ಕಾಫಿ ತೋಟದಲ್ಲಿ ರೈಟರ್ ಆಗಿದ್ದವರು. ಆಳುಗಳ ಹಾಜರಿಯಿಂದ ಹಿಡಿದು ಸಂಜೆ ಹಣ್ಣು ಅಳೆಯುವವರೆಗೆ ಎಲ್ಲವೂ ವಾಚಿನ ಮೇಲೆ ನಡೆಯುತ್ತಿತ್ತು. ಮದುವೆಯ ವಾಚನ್ನು ಅವರ ತಮ್ಮ ಯಾವಾಗಲೋ ಕಟ್ಟಿಕೊಂಡು ಹೋದರಂತೆ, ವಾಪಸ್ ಬರಲೇ ಇಲ್ಲ. "ಯಾವ ಮಾಡೆಲ್ ಮಾವ?" ಅಂದರೆ "ಎಚ್‌ಎಂಟಿ ಅಂದ್ರೆ ಎಚ್‌ಎಂಟಿ ಕಣಮ್ಮ" ಅಂದರು. ಇಂಥ ಹೊತ್ತಲ್ಲಿ ಮದುವೆ ಆಲ್ಬಂ ತೆಗೆಯಿರಿ. ಧಾರೆಯ ಫೋಟೊದಲ್ಲಿ ಕೈ ಮುಂದೆಯೇ ಇರುತ್ತದಲ್ವಾ? ವಾಚು ದುಂಡಗಿದೆಯಾ ಚೌಕವಾ, ಡಯಲ್ ಬಿಳಿಯಾ ಕಪ್ಪಾ, ಬೆಲ್ಟಾ ಚೈನಾ, ಇಷ್ಟು ಗೊತ್ತಾದರೆ ಹುಡುಕಾಟ ಅರ್ಧ ಮುಗಿದ ಹಾಗೆ. ನಮ್ಮದರಲ್ಲಿ ಕಂಡಿದ್ದು ದುಂಡನೆಯ ಬಿಳಿ ಡಯಲ್. ನಾನು ಎಚ್‌ಎಂಟಿಯ ಜನತಾ ಮಾಡೆಲ್ ಅಂತ ತೀರ್ಮಾನ ಮಾಡಿದೆ.

ಎಚ್‌ಎಂಟಿಯನ್ನೇ ಯಾಕೆ ಹೇಳುತ್ತೇನೆ ಅಂದರೆ ರಿಪೇರಿ ಸುಲಭ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಈ ವಾಚುಗಳ ತಯಾರಿ ಶುರುವಾಯಿತು. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಆದರೂ ದೇಶದ ತುಂಬ ಎಷ್ಟು ವಾಚುಗಳಿವೆ ಅಂದರೆ, ಒಂದರ ಬಿಡಿಭಾಗ ಇನ್ನೊಂದಕ್ಕೆ ಸಿಗುತ್ತದೆ. ಜನತಾ, ಪೈಲಟ್ ಎರಡೂ ಮಾಡೆಲ್‌ಗಳಲ್ಲಿ ಸಾಮಾನ್ಯವಾಗಿ 0231 ಅನ್ನುವ 17 ಜ್ಯುವೆಲ್ಲಿನ (ಸವೆತ ತಡೆಯುವ ಸಣ್ಣ ಹರಳುಗಳ) ಮಿಷನ್ ಇರುತ್ತದೆ. ಹಳಬ ರಿಪೇರಿಯವರು ಅದನ್ನು ಕಣ್ಣು ಮುಚ್ಚಿ ಬಿಚ್ಚುತ್ತಾರೆ. ಫಾವ್ರ್-ಲೂಬಾ, ವೆಸ್ಟ್ ಎಂಡ್ ತರಹದ ಸ್ವಿಸ್ ವಾಚುಗಳು ಚೆನ್ನಾಗಿರುತ್ತವೆ, ನಿಜ. ಬಿಡಿಭಾಗ ಹುಡುಕಲು ತಾಳ್ಮೆ ಇದ್ದವರು ಆ ಕಡೆ ಹೋಗಲಿ.

ಎಚ್‌ಎಂಟಿಯದೇ ಇನ್ನೊಂದು ಮಾಡೆಲ್ ಕಾಂಚನ್ ಬಗ್ಗೆ ಒಂದು ಮಾತು. ಬಂಗಾರದ ಬಣ್ಣ, ವಾರ-ತಾರೀಕು, ಆಟೋಮ್ಯಾಟಿಕ್. ಒಂದು ಕಾಲದಲ್ಲಿ ಅಳಿಯಂದಿರು ಇದನ್ನೇ ಬೇಕು ಅನ್ನುತ್ತಿದ್ದರು. ಆದರೆ ಆಟೋಮ್ಯಾಟಿಕ್ ವಾಚಿಗೆ ಕೈ ಆಡಿದಂತೆ ತಾನೇ ಕೀ ತುಂಬುತ್ತದೆ. ನಿವೃತ್ತಿಯಾಗಿ ಜಗಲಿಯಲ್ಲಿ ಪೇಪರ್ ಓದುವವರ ಕೈಯಲ್ಲಿ ಅದು ಆಗಾಗ ನಿಲ್ಲುತ್ತದೆ. ಪ್ರತಿ ಸಲ ವಾರ, ತಾರೀಕು ಸರಿ ಮಾಡುವ ಕಾಟ ಬೇರೆ. ಬೆರಳು ಗಂಟು ಕಟ್ಟಿ ನೋಯುವವರಿಗೆ ಕೀ ವಾಚೂ ಕಷ್ಟವೇ. ಅಂಥವರಿಗೆ ಸುಮ್ನೆ ಹಳೆಯ ಸೆಲ್ ವಾಚು ನೋಡಿ. ಕಣ್ಣಿನ ಪೊರೆ ಆಪರೇಷನ್ ಆದವರಿಗೆ ಪೈಲಟ್ ಚೆನ್ನ: ಕಪ್ಪು ಡಯಲ್ ಮೇಲೆ ಬಿಳಿ ಅಂಕಿ ಎದ್ದು ಕಾಣುತ್ತದೆ.

ಇನ್ನು ಮುಖ್ಯ ವಿಷಯ, ಬಣ್ಣ ಬಳಿದ ಡಯಲ್ಲು. ಕಾರ್ಖಾನೆ ಮುಚ್ಚುವ ಸುದ್ದಿ ಬಂದಾಗಿನಿಂದ ಇವುಗಳಿಗೆ ಬೇಡಿಕೆ ಜಾಸ್ತಿಯಾಗಿದೆ. ಹಾಗಾಗಿ ಹಳೆ ಡಯಲ್ ಉಜ್ಜಿ, ಹೊಸದಾಗಿ ಬಣ್ಣ ಬಳಿದು, ಹೆಸರು ಅಚ್ಚು ಹಾಕಿ ಮಾರುವವರೂ ಜಾಸ್ತಿ. ಆನ್‌ಲೈನಿನಲ್ಲಿ ಕಣ್ಣು ಕುಕ್ಕುವ ಕೆಂಪು, ಕಿತ್ತಳೆ, ಗಿಳಿಹಸಿರು ಡಯಲ್ ಕಂಡರೆ ಅನುಮಾನ ಇರಲಿ. ಫೋಟೊ ದೊಡ್ಡದು ಮಾಡಿ ಅಕ್ಷರ ನೋಡಿ. ಕಾರ್ಖಾನೆಯ ಅಚ್ಚು ಸಣ್ಣಗೆ, ಚೂಪಾಗಿ ಇರುತ್ತದೆ. ಮತ್ತೆ ಬಳಿದದ್ದರಲ್ಲಿ ಅಕ್ಷರ ದಪ್ಪಗಾಗಿ ಅಂಚು ಹರಡಿರುತ್ತದೆ, ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ಸರಿಯಾಗಿ ಕೂರುವುದಿಲ್ಲ. ಡಯಲ್ ಫಳಫಳ ಅಂದು, ಹಿಂದಿನ ಮುಚ್ಚಳ ಮಾತ್ರ ಸವೆದು ಅಕ್ಷರ ಅಳಿಸಿದ್ದರೆ ಮುಂದಿನ ಮಾತೇ ಬೇಡ. 'ಹಳೆ ಸ್ಟಾಕು, ಬಳಸೇ ಇಲ್ಲ' ಅನ್ನುವ ಮಾತನ್ನೂ ನಂಬಿ ಹಣ ಹಾಕಬೇಡಿ. ನಿಜವಾಗಿ ಬಳಸದೇ ಇಟ್ಟ ವಾಚಾದರೂ ಒಳಗಿನ ಎಣ್ಣೆ ಒಣಗಿರುತ್ತದೆ, ಸರ್ವಿಸ್ ತಪ್ಪುವುದಿಲ್ಲ.

"ಅಪ್ಪನಿಗೆ ಅಸಲಿ ನಕಲಿ ಏನು ಗೊತ್ತಾಗುತ್ತೆ ಬಿಡೇ" ಅಂದರು ನಮ್ಮ ಯಜಮಾನರು. ಗೊತ್ತಾಗುತ್ತದೆ. ಬಣ್ಣ ಬಳಿದ ಒಂದನ್ನು ಫೋನಿನಲ್ಲಿ ತೋರಿಸಿದಾಗ ಮಾವ ಕನ್ನಡಕ ಮೇಲೆತ್ತಿ ನೋಡಿ, "ಇದ್ಯಾವುದೋ ಜಾತ್ರೆ ವಾಚು" ಅಂದುಬಿಟ್ಟರು. ಸ್ವಲ್ಪ ಹಳದಿಗಟ್ಟಿದ, ಅಂಚಿನಲ್ಲಿ ಚುಕ್ಕೆ ಬಿದ್ದ ಡಯಲ್ ಆದರೂ ಪರವಾಗಿಲ್ಲ, ಮುಟ್ಟದೇ ಇದ್ದದ್ದನ್ನೇ ಕೊಳ್ಳಿ. ಗಾಜಿನ ಗೀರಿಗೆ ಹೆದರಬೇಡಿ. ಅದು ಅಕ್ರಿಲಿಕ್, ಸಣ್ಣ ಗೀರು ಟೂತ್‌ಪೇಸ್ಟ್ ಹಾಕಿ ಉಜ್ಜಿದರೂ ಹೋಗುತ್ತದೆ. ಕೇಸ್ ಹಾಗಲ್ಲ. ಎಷ್ಟೋ ವಾಚುಗಳ ಹಿಂದಿನ ಮುಚ್ಚಳ ಮಾತ್ರ ಸ್ಟೀಲ್, ಕೇಸ್ ಹಿತ್ತಾಳೆಯ ಮೇಲೆ ಕ್ರೋಮ್ ಲೇಪ. ಬೆವರಿಗೆ ಲೇಪ ಎದ್ದು ಗುಳಿ ಬಿದ್ದಿದ್ದರೆ ಅದನ್ನು ಸರಿ ಮಾಡಲಾಗದು. ಬೆಲ್ಟ್ ಸೇರುವ ಕಿವಿಗಳ ಒಳಬದಿಯನ್ನು ತಪ್ಪದೆ ನೋಡಿ.

ದೂರದಿಂದ ತರಿಸುವುದಾದರೆ ಮಿಷನ್ನಿನ ಫೋಟೊ ಕೇಳಿ. ಮುಚ್ಚಳ ತೆಗೆದು, ಬ್ಯಾಲೆನ್ಸ್ ಚಕ್ರ ಆಡುವ ವಿಡಿಯೊವನ್ನೂ ಕೇಳಿ. ಚಕ್ರ ಜೋರಾಗಿ, ಒಂದೇ ಸಮನೆ ಅತ್ತಿತ್ತ ಆಡಬೇಕು. ತುಕ್ಕಿನ ಕಂದು ಕಲೆ ಕಂಡರೆ ನೀರು ಕುಡಿದ ವಾಚು ಅಂತಲೇ ಅರ್ಥ. ವಿಡಿಯೊ ಕಳಿಸಲ್ಲ ಅನ್ನುವವರ ಹತ್ತಿರ ಚೌಕಾಸಿಯೂ ಬೇಡ.

ನನಗೆ ಕೊನೆಗೆ ವಾಚು ಸಿಕ್ಕಿದ್ದು ಹಾಸನದಲ್ಲೇ, ಕಟ್ಟಿನಕೆರೆ ಮಾರ್ಕೆಟ್ ಕಡೆ ಕೂರುವ ಒಬ್ಬ ರಿಪೇರಿಯವರ ಹತ್ತಿರ. ಕೊಳ್ಳುವ ಮುಂಚೆಯೇ ಇಂಥವರನ್ನು ಹುಡುಕಿಕೊಳ್ಳಿ. "ಕೀ ವಾಚು ಪೂರ್ತಿ ಬಿಚ್ಚಿ ಸರ್ವಿಸ್ ಮಾಡ್ತೀರಾ?" ಅಂತ ಕೇಳಿ. ಬರೀ ಸೆಲ್, ಬೆಲ್ಟ್ ಬದಲಾಯಿಸುವವರು ಅಲ್ಲೇ ಗೊತ್ತಾಗುತ್ತಾರೆ. ನಾನು ಕೇಳಿದಾಗ ಇವರು ಡ್ರಾಯರ್ ಎಳೆದು ಮೂರು ಜನತಾ ಮುಂದಿಟ್ಟರು. ವಾಚಿಗೆ 2,200, ಸರ್ವಿಸ್‌ಗೆ 600 ಕೊಟ್ಟೆ. ಬೆಲೆ ಊರಿಂದ ಊರಿಗೆ ಬದಲಾಗುತ್ತದೆ. ಆದರೆ ಸರ್ವಿಸ್ ದುಡ್ಡನ್ನು ಮೊದಲೇ ಎತ್ತಿಟ್ಟು, ಉಳಿದದ್ದರಲ್ಲಿ ವಾಚು ನೋಡಿ.

ಅಂಗಡಿಯಲ್ಲಿ ನಿಂತು ಮಾಡಬೇಕಾದ ಪರೀಕ್ಷೆ ಸುಲಭ. ಕೀ ಕೊಡಿ. ಗರಗರ ಅನ್ನದೆ ನಯವಾಗಿ ತಿರುಗಿ ಕೊನೆಗೆ ಬಿಗಿಯಾಗಿ ನಿಲ್ಲಬೇಕು. ಆಮೇಲೆ ಒತ್ತಬೇಡಿ. ಮುಳ್ಳು ತಿರುಗಿಸಿ ನೋಡಿ, ಒಂದಕ್ಕೊಂದು ತಾಗಬಾರದು. ಮುಖ ಮೇಲೆ ಮಾಡಿ, ಬೋರಲು ಹಾಕಿ, ನಿಲ್ಲಿಸಿ, ಮೂರೂ ರೀತಿಯಲ್ಲಿ ಓಡಬೇಕು. ಮನೆಗೆ ತಂದು ಒಂದು ಇಡೀ ದಿನ ಫೋನಿನ ಟೈಮಿಗೆ ಹೋಲಿಸಿ. ಈ ವಯಸ್ಸಿನ ವಾಚು ದಿನಕ್ಕೆ ಅರ್ಧ ನಿಮಿಷ ಹಿಂದೆ ಮುಂದೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಮಾವನದ್ದು ಮುಂದೆ ಓಡುತ್ತದೆ. ಸರಿ ಮಾಡಿಸಲಾ ಅಂದರೆ ಬೇಡ ಅಂದರು, ಬಸ್ಸಿಗೆ ಒಳ್ಳೆಯದಂತೆ. ಇದ್ದಕ್ಕಿದ್ದ ಹಾಗೆ ದಿನಕ್ಕೆ ಹಲವು ನಿಮಿಷ ಮುಂದೆ ಹೋದರೆ ಅಯಸ್ಕಾಂತದ ಪ್ರಭಾವ ಇರಬಹುದು. ಸ್ಪೀಕರ್ ಮೇಲೆ ವಾಚು ಬಿಚ್ಚಿಡುವ ಅಭ್ಯಾಸ ಇದೆಯಾ ವಿಚಾರಿಸಿ.

ಇದನ್ನು ಗುಟ್ಟಾಗಿ ತಂದು ಕೊಡುವ ಉಡುಗೊರೆ ಅಂತ ಅಂದುಕೊಳ್ಳಬೇಡಿ. ನಮ್ಮ ಅತ್ತೆ ಕೇಳಿದ ಮೊದಲ ಪ್ರಶ್ನೆ, "ಯಾರೋ ಕಟ್ಕಂಡಿದ್ದು, ಸತ್ತೋರ್ದೋ ಏನೋ. ಮನೆಗೆ ತರ್ತೀಯೇನೇ?" ಈ ಮಾತು ಎಷ್ಟೋ ಮನೆಗಳಲ್ಲಿ ಬರುತ್ತದೆ. ಕೊಟ್ಟ ಮೇಲೆ ಬರುವುದಕ್ಕಿಂತ ಮುಂಚೆ ಬರಲಿ. ಬೇಡ ಅನ್ನುವವರಿಗೆ ಬೇಡ, ವಾದ ಮಾಡಿ ಕಟ್ಟಿಸುವ ವಸ್ತು ಅಲ್ಲ. ನಮ್ಮಲ್ಲಿ ರಿಪೇರಿಯವರು ಪೂರ್ತಿ ಬಿಚ್ಚಿ ತೊಳೆದಿದ್ದಾರೆ ಅಂದಮೇಲೆ ಅತ್ತೆ ಒಪ್ಪಿದರು. ಆದರೂ ಒಂದು ದಿನ ದೇವರ ಮುಂದೆ ಇಟ್ಟೇ ಕೊಟ್ಟಿದ್ದು.

ಮಲೆನಾಡಿನ ಮಳೆಗೆ ಚರ್ಮದ ಬೆಲ್ಟ್ ಉಳಿಯುವುದಿಲ್ಲ. ಜುಲೈ ಬರುವಷ್ಟರಲ್ಲಿ ಬೂಷ್ಟು ಹಿಡಿಯುತ್ತದೆ. ನೈಲಾನ್ ಹಾಕಿಸಿ. ಜನತಾಕ್ಕೆ ಸಾಮಾನ್ಯವಾಗಿ 18 ಮಿ.ಮೀ. ಅಗಲದ್ದು, ಆದರೂ ಸ್ಕೇಲ್ ಇಟ್ಟು ಅಳೆದುಕೊಂಡು ಹೋಗಿ. ಈ ವಾಚಿಗೆ ನೀರು ತಡೆಯುವ ಶಕ್ತಿ ಇಲ್ಲ ಅಂತಲೇ ತಿಳಿಯಿರಿ. ಗಾಜಿನ ಒಳಗೆ ಮಂಜು ಕಟ್ಟಿದರೆ ಬಿಸಿಲಿಗಿಡುವುದು, ಅಕ್ಕಿ ಡಬ್ಬಿಗೆ ಹಾಕುವುದು ಮಾಡದೆ ಅದೇ ದಿನ ರಿಪೇರಿಗೆ ಕೊಡಿ.

ಕೊಡುವಾಗ ಎರಡು ಮಾತು ಹೇಳಿ. ಕೀ ದಿನಾ ಒಂದೇ ಹೊತ್ತಿಗೆ, ಬೆಳಿಗ್ಗೆಯಾದರೆ ಒಳ್ಳೆಯದು, ವಾಚು ಕೈಯಿಂದ ಬಿಚ್ಚಿ ಕೊಡಬೇಕು. ತಾರೀಕು ಇರುವ ವಾಚಾದರೆ ರಾತ್ರಿ 9ರಿಂದ ಬೆಳಗಿನ ಜಾವ 3ರವರೆಗೆ ತಾರೀಕು ಬದಲಾಯಿಸಬಾರದು. ಆ ಹೊತ್ತಲ್ಲಿ ತಾರೀಕು ತಿರುಗಿಸುವ ಚಕ್ರದ ಹಲ್ಲುಗಳು ಸೇರಿಕೊಂಡಿರುತ್ತವೆ, ಬಲವಂತ ಮಾಡಿದರೆ ಮುರಿಯಬಹುದು. ನಾಲ್ಕೈದು ವರ್ಷಕ್ಕೊಮ್ಮೆ ಸರ್ವಿಸ್ ಬೇಕು. ಬಿಚ್ಚಿದಾಗ ಬದಲಾಯಿಸಿದ ಭಾಗಗಳನ್ನು, ಹಳೆ ಗಾಜನ್ನೂ ಸೇರಿಸಿ, ಕೇಳಿ ಇಸ್ಕೊಳ್ಳಿ. ಮುಂದಿನ ರಿಪೇರಿಯವರಿಗೆ ಅಳತೆ ನೋಡಲು ಬೇಕಾಗುತ್ತದೆ.