ಕಾಫಿ ಫಿಲ್ಟರಿನಂಥ ಬಟ್ಟಲಲ್ಲಿ ಕ್ಯಾನ್ಸರ್ ಕೋಶದ ಪರೀಕ್ಷೆ ಹೇಗೆ?

ಮುಂಬೈಯ ಮಾಟುಂಗದಲ್ಲಿರುವ ನನ್ನ ಚಿಕ್ಕಮ್ಮನಿಗೆ ಹೋದ ವರ್ಷ ಸ್ತನ ಕ್ಯಾನ್ಸರಿನ ಆಪರೇಷನ್ ಆಯಿತು. ಮೊನ್ನೆ ಹೋದಾಗ ಅಡುಗೆಕಟ್ಟೆಯ ಮೇಲೆ ವಿಟಮಿನ್ ‘ಎ’ ಮಾತ್ರೆಯ ಡಬ್ಬಿ ಕಂಡಿತು. “ಕ್ಯಾನ್ಸರ್ ಹರಡದ ಹಾಗೆ ತಡೀತದಂತೆ ಮಾರಾಯ್ತಿ, ವಾಟ್ಸಾಪಿನಲ್ಲಿ ಬಂದಿತ್ತು” ಅಂದರು.

ಸುದ್ದಿಯಲ್ಲಿ ಒಂದೆಳೆ ನಿಜವಿದೆ. ಆದರೆ ಸಂಶೋಧಕರ ಕೈಯಲ್ಲಿರುವುದು ಆ ಡಬ್ಬಿಯ ಮಾತ್ರೆಯಲ್ಲ. ವಿಟಮಿನ್ ‘ಎ’ ರಚನೆಯನ್ನು ತಿದ್ದಿ ತಯಾರಿಸಿದ ರೆಟಿನಾಯ್ಡ್‌ಗಳು. ಫೆನ್‌ರೆಟಿನೈಡ್ ಅವುಗಳಲ್ಲೊಂದು. ಅದು ಕ್ಯಾನ್ಸರ್ ಕೋಶಗಳನ್ನು ಹರಡದ ಹಾಗೆ ತಡೆಯುತ್ತದೆಯೇ ಎಂಬ ಪರೀಕ್ಷೆ ಹೇಗೆಂದು ಚಿಕ್ಕಮ್ಮನ ಕಾಫಿ ಫಿಲ್ಟರನ್ನೇ ಮುಂದಿಟ್ಟುಕೊಂಡು ವಿವರಿಸಿದೆ.

ಮೊದಲು ಬಟ್ಟಲು. ಫಿಲ್ಟರಿನ ಹಾಗೆಯೇ ಮೇಲೊಂದು, ಕೆಳಗೊಂದು. ನಡುವೆ ತೂತುಗಳ ತೆಳು ಹಾಳೆ. ಒಂದೊಂದು ತೂತೂ ಸಾಮಾನ್ಯವಾಗಿ 8 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಅಂದರೆ ಕೋಶ ಮೈ ಹಿಂಡಿಕೊಂಡೇ ದಾಟಬೇಕು. ಹಾಳೆಯ ಮೇಲೆ ಮ್ಯಾಟ್ರಿಜೆಲ್ ಎಂಬ ಪ್ರೋಟೀನಿನ ಲೇಪ. ತುಪ್ಪಕ್ಕೆ ತದ್ವಿರುದ್ಧ ಇದರ ಗುಣ: ಮಂಜುಗಡ್ಡೆಯ ಮೇಲೆ ನೀರಾಗಿರುತ್ತದೆ, 37 ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ. ಅದನ್ನು ಹಾಕುವ ಪಿಪೆಟ್ಟು ಎಂಬ ಅಳತೆಯ ಕೊಳವೆಯ ತುದಿ ಕೂಡ ತಣ್ಣಗಿರಬೇಕು, ಇಲ್ಲವಾದರೆ ಅಲ್ಲೇ ಹೆಪ್ಪುಗಟ್ಟಿ ಕೂರುತ್ತದೆ. ನಮ್ಮ ಮೈಯಲ್ಲಿ ಗಡ್ಡೆಯನ್ನು ಸುತ್ತುವರಿದ ಪೊರೆಗೆ ಇದು ಬದಲಿ.

ಆಮೇಲೆ ಕ್ಯಾನ್ಸರ್ ಕೋಶಗಳು. ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದ ಭಂಡಾರದಿಂದ ದೇಶದ ಲ್ಯಾಬುಗಳಿಗೆ ಇಂಥ ಕೋಶಗಳು ಹೋಗುತ್ತವೆ. ಅವನ್ನು ಮೇಲಿನ ಬಟ್ಟಲಿಗೆ ಸೀರಂ (ರಕ್ತದಿಂದ ತೆಗೆದ, ಕೋಶಗಳನ್ನು ಪೋಷಿಸುವ ದ್ರವ) ಇಲ್ಲದ ದ್ರವದಲ್ಲಿ ಹಾಕಿ, ಕೆಳಗಿನದರಲ್ಲಿ ಸೀರಂ ಇಡುತ್ತಾರೆ. ಹಸಿದ ಕೋಶ ಊಟದ ಕಡೆ ಹೊರಡುತ್ತದೆ. ಒಂದು ಜೋಡಿಗೆ ರೆಟಿನಾಯ್ಡ್, ಇನ್ನೊಂದಕ್ಕೆ ಅದನ್ನು ಕರಗಿಸಿದ ದ್ರಾವಕ ಮಾತ್ರ. ರೆಟಿನಾಯ್ಡ್ ಬೆಳಕಿಗೆ ಕೆಡುತ್ತದೆ, ಆದ್ದರಿಂದ ಕೊಳವೆಗೆ ಫಾಯಿಲ್ ಸುತ್ತಿಯೇ ಇಡಬೇಕು.

ಒಂದು ದಿನ ಬಿಟ್ಟು, ಮೇಲುಳಿದ ಕೋಶಗಳನ್ನು ಹತ್ತಿಯಿಂದ ಒರೆಸಿ, ಹಾಳೆಯ ಅಡಿಮೈಗೆ ಕ್ರಿಸ್ಟಲ್ ವೈಲೆಟ್ ಬಣ್ಣ ಹಾಕುತ್ತಾರೆ. ದಾಟಿ ಬಂದವು ಸೂಕ್ಷ್ಮದರ್ಶಕದಡಿ ನೇರಳೆ ಚುಕ್ಕೆಗಳು. ಎಣಿಸುವುದಷ್ಟೇ.

ಔಷಧ ಹಾಕಿದ ಕಡೆ ಚುಕ್ಕೆ ಕಡಿಮೆ ಇದ್ದರೆ ಕುಣಿಯುವ ಹಾಗಿಲ್ಲ. ಕೋಶಗಳು ಸತ್ತೇ ಹೋಗಿದ್ದರೂ ಲೆಕ್ಕ ಕಡಿಮೆಯೇ ಬರುತ್ತದಲ್ಲ! ಬದುಕಿರುವವೆಷ್ಟು ಎಂದು ಬೇರೆಯೇ ನೋಡಬೇಕು. ಸುದ್ದಿ ಓದುವಾಗ ನಾನು ಮೊದಲು ಹುಡುಕುವುದು ಇದನ್ನೇ.

ತಡೆ ಎಲ್ಲಿಂದ? ಪೊರೆ ಕರಗಿಸಲು ಕ್ಯಾನ್ಸರ್ ಕೋಶ ಎಂಎಂಪಿ ಎಂಬ ಕಿಣ್ವಗಳನ್ನು ಸುರಿಸುತ್ತದೆ. ಹಲವು ರೆಟಿನಾಯ್ಡ್‌ಗಳು ಕೋಶಕೇಂದ್ರದ ಗ್ರಾಹಕಕ್ಕೆ (ಸಂಕೇತ ಹಿಡಿಯುವ ಪ್ರೋಟೀನಿಗೆ) ಅಂಟಿ, ಅಂಥ ಕಿಣ್ವದ ಜೀನುಗಳ ಸದ್ದಡಗಿಸಬಲ್ಲವು. ಎಲ್ಲ ಕೋಶಗಳೂ ಬಗ್ಗುವುದಿಲ್ಲ. ಈಸ್ಟ್ರೊಜೆನ್ ಎಂಬ ಹಾರ್ಮೋನಿನ ಗ್ರಾಹಕವಿಲ್ಲದವು ಹೆಚ್ಚಾಗಿ ಹಟಮಾರಿಗಳು.

ಬಟ್ಟಲಿನಿಂದ ಮನುಷ್ಯರಿಗೆ ಬರುವ ದಾರಿ ದೂರ. ಇಟಲಿಯಲ್ಲಿ ಆಪರೇಷನ್ ಆದ 2,900ಕ್ಕೂ ಹೆಚ್ಚು ಮಹಿಳೆಯರನ್ನು ಸೇರಿಸಿ, ಅರ್ಧದಷ್ಟು ಮಂದಿಗೆ ದಿನಕ್ಕೆ 200 ಮಿಲಿಗ್ರಾಂ ಫೆನ್‌ರೆಟಿನೈಡನ್ನು ಐದು ವರ್ಷ ಕೊಟ್ಟು ನೋಡಿದರು. 1999ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಇನ್ನೊಂದು ಸ್ತನಕ್ಕೆ ಕ್ಯಾನ್ಸರ್ ಬರುವುದು ಒಟ್ಟಾರೆ ಗಣನೀಯವಾಗಿ ತಗ್ಗಿರಲಿಲ್ಲ. ಮುಟ್ಟು ನಿಲ್ಲದವರಲ್ಲಿ ಮಾತ್ರ ಲಾಭದ ಸುಳಿವಿತ್ತು. ಈ ಔಷಧ ರಕ್ತದ ವಿಟಮಿನ್ ‘ಎ’ಯನ್ನು ಇಳಿಸುತ್ತದೆ, ಕೆಲವರಿಗೆ ಮಬ್ಬುಗತ್ತಲಲ್ಲಿ ಕಣ್ಣು ಕಾಣುವುದು ಕಷ್ಟವಾಗುತ್ತದೆ. ಡಬ್ಬಿಯ ಮಾತ್ರೆಯಾದರೋ ಅತಿಯಾದರೆ ಪಿತ್ತಜನಕಾಂಗದಲ್ಲಿ ಸೇರಿ ಅದನ್ನೇ ಕೆಡಿಸುತ್ತದೆ.

ಚಿಕ್ಕಮ್ಮ ಡಬ್ಬಿಯನ್ನು ಆಸ್ಪತ್ರೆಯ ಫೈಲಿನ ಜೊತೆ ಚೀಲಕ್ಕೆ ಹಾಕಿದರು. ಬುಧವಾರದ ತಪಾಸಣೆಯಲ್ಲಿ ಡಾಕ್ಟರಿಗೆ ತೋರಿಸುತ್ತಾರಂತೆ.